ಅಳಿಸುವ ಹಕ್ಕು ಯಾವ ಡಿಸ್ಕಿನ ಮೇಲೆ?

(ಮಾತಾಡುವವರು ಇಬ್ಬರು. ಒಬ್ಬರು ಕೊಳ್ಳೇಗಾಲ ಸೀಮೆಯಲ್ಲಿ ಜಮೀನು ಅಳೆದು ನಿವೃತ್ತರಾದ ಸರ್ವೇಯರ್, ಇನ್ನೊಬ್ಬರು ಸರ್ವರುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಸ್ಕ್ಯಾನ್ ಆದ ಹಳೇ ಕಡತಗಳನ್ನಿಡಲು ಒಂದೊಂದು ಸರ್ವರ್ ಕೂರಿಸಬೇಕು, ಆಪರೇಟಿಂಗ್ ಸಿಸ್ಟಮ್ ಯಾರ ಕೈಯೂ ತಾಗದೆ ತಾನಾಗಿ ಇನ್‌ಸ್ಟಾಲ್ ಆಗಬೇಕು ಎಂದು ಇಟ್ಟುಕೊಂಡು ಮಾತು ನಡೆದಿದೆ.)

ಸರ್ವೇಯರ್: ಇನ್‌ಸ್ಟಾಲ್ ಮಾಡುವಾಗ ಕಂಪ್ಯೂಟರ್ ಹತ್ತಾರು ಪ್ರಶ್ನೆ ಕೇಳುತ್ತದೆ, ಉತ್ತರಗಳನ್ನೆಲ್ಲ ಒಂದು ಫೈಲಿನಲ್ಲಿ ಮೊದಲೇ ಬರೆದಿಟ್ಟರೆ ಯಾರೂ ಎದುರಿಗೆ ಕೂರಬೇಕಾಗಿಲ್ಲ. ಇಷ್ಟು ನನಗೆ ಅರ್ಥವಾಯಿತು ಕಣಮ್ಮ. ಭಾಷೆ, ಪಾಸ್‌ವರ್ಡ್, ನೆಟ್‌ವರ್ಕ್ ಎಲ್ಲವನ್ನೂ ಸರಸರನೆ ಬರೆದೆ. ಡಿಸ್ಕಿನ ಹತ್ತಿರ ಬಂದ ಕೂಡಲೇ ಯಾಕೆ ಇಷ್ಟು ಹಿಂದೆ ಮುಂದೆ ನೋಡುತ್ತೀಯ? ಅದೂ ಒಂದು ಪ್ರಶ್ನೆ, ಅದಕ್ಕೂ ಒಂದು ಉತ್ತರ.

ಎಂಜಿನಿಯರ್: ಮಿಕ್ಕ ಉತ್ತರಗಳು ತಪ್ಪಿದರೆ ನಾಳೆ ತಿದ್ದಬಹುದು ಸಾರ್. ಟೈಮ್‌ಜೋನ್ ತಪ್ಪಾದರೆ ಗಡಿಯಾರ ತಪ್ಪು ತೋರಿಸುತ್ತದೆ, ಒಂದು ಸಾಲಿನ ಆಜ್ಞೆಗೆ ಸರಿಹೋಗುತ್ತದೆ. ಡಿಸ್ಕಿನ ಉತ್ತರ ತಪ್ಪಾದರೆ ಅಲ್ಲಿದ್ದದ್ದು ಹೋಗುತ್ತದೆ. ಕೈಯಲ್ಲಿ ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ ಡಿಸ್ಕುಗಳ ಪಟ್ಟಿ ಬರುತ್ತದೆ, ಕಂಪನಿಯ ಹೆಸರು, ಅಳತೆ ಎಲ್ಲ ಕಾಣುತ್ತದೆ. ‘ಇದು ನಾಲ್ಕು ಟೆರಾಬೈಟಿನದು, ಇದರಲ್ಲಿ ಕಡತ ಇರಬೇಕಲ್ಲ’ ಎಂದು ಕೈ ಒಂದು ಕ್ಷಣ ತಡೆಯುತ್ತದೆ. ಉತ್ತರದ ಫೈಲಿಗೆ ಆ ತಡೆಯುವ ಕೈ ಇಲ್ಲ. ರೆಡ್ ಹ್ಯಾಟ್ ವಂಶದ ಲಿನಕ್ಸುಗಳಲ್ಲಿ ಅದಕ್ಕೆ ಕಿಕ್‌ಸ್ಟಾರ್ಟ್ ಅಂತಾರೆ, ಡೆಬಿಯನ್‌ನಲ್ಲಿ ಪ್ರಿಸೀಡ್, ಉಬುಂಟು ಸರ್ವರಿನಲ್ಲಿ 20.04ರಿಂದ ಆಟೋಇನ್‌ಸ್ಟಾಲ್, ಸೂಸೆಯಲ್ಲಿ 15ರವರೆಗೆ ಆಟೋಯಾಸ್ಟ್. ಹೆಸರು ಯಾವುದಾದರೂ ಆಗಲಿ, ಬರೆಯುವವರು ಮನುಷ್ಯನ ಆ ಅನುಮಾನವನ್ನೂ ಫೈಲಿನೊಳಗೇ ಬರೆದಿಡಬೇಕು. ಯಾವ ಡಿಸ್ಕನ್ನು ಅಳಿಸಬಹುದು ಎಂಬುದನ್ನು ಎಷ್ಟು ಬಿಗಿಯಾಗಿ ಬರೆಯಲಾಗುತ್ತದೋ ಅಷ್ಟು ಬಿಗಿಯಾಗಿ ಬರೆಯಬೇಕು, ಕಂಡದ್ದು ಬರೆದದ್ದಕ್ಕೆ ಹೊಂದದಿದ್ದರೆ ಮುಂದೆ ಹೋಗದೆ ನಿಲ್ಲಬೇಕು. ನನ್ನ ವಾದ ಇಷ್ಟೇ. ಪಾರ್ಟಿಷನ್ ಎಷ್ಟು, ಯಾವುದಕ್ಕೆ ಎಷ್ಟು ಜಿಬಿ ಎಂಬುದೆಲ್ಲ ಅದರ ನಂತರ.

ಸರ್ವೇಯರ್: ಡಿಸ್ಕಿಗೆ ಹೆಸರು ಇರುತ್ತದಲ್ಲ. ಹೆಸರು ಬರೆದರೆ ಮುಗಿಯಿತು.

ಎಂಜಿನಿಯರ್: ಹೆಸರು ಇರುತ್ತದೆ, ನಂಬುವ ಹಾಗಿಲ್ಲ. ಲಿನಕ್ಸಿನಲ್ಲಿ ಮೊದಲು ಕಂಡ ಡಿಸ್ಕಿಗೆ ಎಸ್‌ಡಿಎ, ಎರಡನೆಯದಕ್ಕೆ ಎಸ್‌ಡಿಬಿ. ಯಂತ್ರ ಚಾಲೂ ಆದಾಗ ಯಾವುದು ಮೊದಲು ಓಗೊಟ್ಟಿತೋ ಅದಕ್ಕೆ ಎ. ಕರ್ನಲ್ ಡಿಸ್ಕುಗಳನ್ನು ಒಂದರ ಹಿಂದೊಂದು ಸರದಿಯಲ್ಲಿ ಹುಡುಕುವುದಿಲ್ಲ, ಒಟ್ಟೊಟ್ಟಿಗೇ ಹುಡುಕುತ್ತದೆ. ಹಾಗಾಗಿ ಇವತ್ತಿನ ಎ ನಾಳೆ ಬಿ ಆಗಬಹುದು. ನಿಮ್ಮ ಕಸುಬಿನಲ್ಲಿ ಹೇಳುವುದಾದರೆ ಇದು ‘ರಸ್ತೆಯಿಂದ ಎರಡನೇ ಹೊಲ’ ಎಂದು ಬರೆದುಕೊಟ್ಟ ಕ್ರಯಪತ್ರ. ರಸ್ತೆ ಆ ಕಡೆ ಹೊಸದಾಗಿ ಬಂದರೆ ಎರಡನೇ ಹೊಲ ಯಾವುದು?

ಸರ್ವೇಯರ್: ಅಂಥ ಪತ್ರವನ್ನು ಯಾವ ನೋಂದಣಿ ಕಚೇರಿಯೂ ತೆಗೆದುಕೊಳ್ಳೋದಿಲ್ಲ. ಸರ್ವೆ ನಂಬರ್ ಬೇಕು. ನಂಬರಿನಲ್ಲಿ ಒಂದು ತುಂಡು ಮಾತ್ರ ಮಾರೋದಾದರೆ 11ಇ ನಕ್ಷೆಯೇ ಬೇಕು. ಚಕ್ಕುಬಂದಿ ಜೊತೆಗೆ ಇರಲಿ, ಅದೊಂದೇ ಸಾಲದು.

ಎಂಜಿನಿಯರ್: ಡಿಸ್ಕಿಗೂ ಸರ್ವೆ ನಂಬರ್ ಇದೆ. ತಯಾರಾಗುವಾಗಲೇ ಅದರೊಳಗೆ ಬರೆದ ಸೀರಿಯಲ್ ನಂಬರ್, ಕೆಲವಕ್ಕೆ ಡಬ್ಲ್ಯುಡಬ್ಲ್ಯುಎನ್ ಎಂಬ ಜಗತ್ತಿಗೇ ಒಂದೇ ಆದ ಗುರುತು. ಲಿನಕ್ಸು ಇವುಗಳನ್ನು ‘ಬೈ-ಐಡಿ’ ಎಂಬ ಫೋಲ್ಡರಿನಲ್ಲಿ ಸಾಲಾಗಿ ತೋರಿಸುತ್ತದೆ. ಎಸ್‌ಡಿಎ ಎಂದು ಬರೆಯುವ ಜಾಗದಲ್ಲಿ ಈ ಗುರುತು ಬರೆದರೆ ಯಾವ ಸಾಕೆಟ್ಟಿಗೆ ಚುಚ್ಚಿದರೂ ಅದೇ ಡಿಸ್ಕು ಸಿಗುತ್ತದೆ. ನಮ್ಮ ಮೂರು ಯಂತ್ರಗಳನ್ನೇ ತೆಗೆದುಕೊಳ್ಳಿ. ಕೊಳ್ಳೇಗಾಲದ್ದರಲ್ಲಿ ಎರಡು ಸಣ್ಣ ಎಸ್‌ಎಸ್‌ಡಿ, ಕಡತಕ್ಕೆಂದು ಒಂದು ನಾಲ್ಕು ಟೆರಾಬೈಟಿನ ಡಿಸ್ಕು ಇದೆ ಅನ್ನಿ. ಹನೂರಿನದ್ದು ಹೊಸ ಯಂತ್ರ, ಒಂದೇ ಎನ್‌ವಿಎಂಇ. ಅಲ್ಲಿ ಎಸ್‌ಡಿಎ ಎಂಬ ಹೆಸರೇ ಹುಟ್ಟುವುದಿಲ್ಲ, ಎನ್‌ವಿಎಂಇ-ಸೊನ್ನೆ-ಎನ್-ಒಂದು ಎಂದು ಬರುತ್ತದೆ. ಯಳಂದೂರಿನದ್ದು ಹಳೇ ಪೆಟ್ಟಿಗೆ, ಒಳಗೆ ಒಂದು ಸಾಟಾ ಡಿಸ್ಕು, ಹೊರಗೆ ಬ್ಯಾಕಪ್ಪಿಗೆಂದು ಯುಎಸ್‌ಬಿಯಲ್ಲಿ ಇನ್ನೊಂದು. ಈಗ ಮೂರಕ್ಕೂ ಒಂದೇ ಕಿಕ್‌ಸ್ಟಾರ್ಟ್ ಕೊಟ್ಟು, ಅದರಲ್ಲಿ ‘ಕ್ಲಿಯರ್‌ಪಾರ್ಟ್ ಆಲ್’ ಎಂದಷ್ಟೇ ಬರೆದರೆ ಹನೂರಿನಲ್ಲಿ ಸರಿಯಾಗಿ ನಡೆಯುತ್ತದೆ. ಕೊಳ್ಳೇಗಾಲದಲ್ಲಿ ಕಡತದ ಡಿಸ್ಕಿನ ಪಾರ್ಟಿಷನ್ ಪಟ್ಟಿ ಹೋಗುತ್ತದೆ. ಯಳಂದೂರಿನಲ್ಲಿ ಮೂಲವೂ ಬ್ಯಾಕಪ್ಪೂ ಒಟ್ಟಿಗೇ ಹೋಗುತ್ತವೆ. ಆ ಆಜ್ಞೆಯ ಅರ್ಥವೇ ಕಂಡ ಡಿಸ್ಕುಗಳನ್ನೆಲ್ಲ ಎಂದು. ಅದರ ಮೇಲಿನ ಸಾಲಿನಲ್ಲಿ ‘ಇಗ್ನೋರ್‌ಡಿಸ್ಕ್ ಓನ್ಲಿ-ಯೂಸ್’ ಎಂದು ಬರೆದು ಬೈ-ಐಡಿ ಗುರುತು ಕೊಟ್ಟರೆ ಮಿಕ್ಕ ಡಿಸ್ಕುಗಳು ಇನ್‌ಸ್ಟಾಲರಿನ ಕಣ್ಣಿಗೇ ಬೀಳುವುದಿಲ್ಲ. ಒಂದು ಸಾಲಿನ ವ್ಯತ್ಯಾಸ.

ಸರ್ವೇಯರ್: ಹೊಸ ಸಾಫ್ಟ್‌ವೇರ್‌ಗಳು ಜಾಣ ಇರುತ್ತವೆ ಅಂತಾರಲ್ಲ. ನಾನು ಏನೂ ಹೇಳದಿದ್ದರೆ ಅದೇ ಸರಿಯಾದದ್ದನ್ನು ಆರಿಸಿಕೊಳ್ಳಬೇಕಪ್ಪ.

ಎಂಜಿನಿಯರ್: ಆರಿಸಿಕೊಳ್ಳುತ್ತದೆ, ಭಯ ಇರುವುದೇ ಅಲ್ಲಿ. ಉಬುಂಟುವಿನ ಆಟೋಇನ್‌ಸ್ಟಾಲಿಗೆ ಸಿದ್ಧ ವಿನ್ಯಾಸ ಸಾಕು ಎಂದು ಹೇಳಿ ಡಿಸ್ಕು ಯಾವುದು ಎಂದು ಹೇಳದೆ ಬಿಟ್ಟರೆ ಅದು ಯಂತ್ರದಲ್ಲಿರುವ ಅತಿ ದೊಡ್ಡ ಡಿಸ್ಕನ್ನು ಹಿಡಿಯುತ್ತದೆ. ಒಂದೇ ಡಿಸ್ಕಿನ ಲ್ಯಾಪ್‌ಟಾಪಿಗೆ ಅದು ಸರಿ. ಕಡತಗಳ ಸರ್ವರಿನಲ್ಲಿ ಅತಿ ದೊಡ್ಡ ಡಿಸ್ಕು ಯಾವುದಿರುತ್ತದೆ ಹೇಳಿ? ಕಡತದ್ದೇ. ನಮ್ಮ ಕೊಳ್ಳೇಗಾಲದ ಯಂತ್ರದಲ್ಲಿ ಎರಡು ಎಸ್‌ಎಸ್‌ಡಿ ಖಾಲಿ ಕೂತಿರುತ್ತವೆ, ಆಪರೇಟಿಂಗ್ ಸಿಸ್ಟಮ್ ಹೋಗಿ ನಾಲ್ಕು ಟೆರಾಬೈಟಿನ ಮೇಲೆ ಕೂರುತ್ತದೆ. ವಿಂಡೋಸಿನ ಉತ್ತರ ಫೈಲಿನಲ್ಲಿ ಡಿಸ್ಕ್ ಐಡಿ ಸೊನ್ನೆ, ವೈಪ್ ಮಾಡು ಎಂಬುದಕ್ಕೆ ಟ್ರೂ ಎಂದು ಬರೆಯುತ್ತಾರೆ, ಆ ಸೊನ್ನೆಯೂ ಸರದಿಯ ನಂಬರೇ. ಹಾಗಂತ ಇವನ್ನು ಬರೆದವರು ದಡ್ಡರಲ್ಲ, ಬಹಳ ಮಂದಿಗೆ ಹೊಂದುವುದನ್ನು ಇಟ್ಟಿದ್ದಾರೆ. ಉಬುಂಟುವಿನಲ್ಲಿ ಸೀರಿಯಲ್ ಕೊಟ್ಟು ಹೊಂದಿಸುವ ದಾರಿಯೂ ಇದೆ. ಆ ದಾರಿ ಹಿಡಿಯುವುದು ಬರೆಯುವವರ ಕೆಲಸ.

ಸರ್ವೇಯರ್: ಇಲ್ಲಿ ನನಗೊಂದು ತಕರಾರಿದೆ. ಪ್ರತಿ ಯಂತ್ರದ ಸೀರಿಯಲ್ ನಂಬರ್ ಬರೆಯಬೇಕಾದರೆ ಪ್ರತಿ ಯಂತ್ರಕ್ಕೂ ಬೇರೆ ಫೈಲು. ಮೂರು ಆದರೆ ಆಯಿತು, ಮುನ್ನೂರಾದರೆ? ಒಂದೇ ಫೈಲಿನಲ್ಲಿ ಎಲ್ಲ ಕಡೆ ಕೆಲಸ ಆಗಲಿ ಅಂತ ತಾನೇ ಈ ಸಾಹಸ? ಕೊನೆಗೆ ಒಂದೊಂದರ ಮುಂದೆಯೂ ಹೋಗಿ ನಂಬರ್ ಬರೆದುಕೊಂಡು ಬರೋದಾದರೆ ಕೈಯಲ್ಲೇ ಮಾಡಬಹುದಿತ್ತು.

ಎಂಜಿನಿಯರ್: ತಕರಾರು ನ್ಯಾಯವಾದದ್ದೇ. ಆದರೆ ಎಲ್ಲಕ್ಕೂ ಒಂದೇ ಆಗಿರಬೇಕಾದದ್ದು ನಿಯಮ, ಗುರುತಲ್ಲ. ಕಿಕ್‌ಸ್ಟಾರ್ಟಿನಲ್ಲಿ ‘ಪ್ರಿ’ ಎಂಬ ಭಾಗವಿದೆ. ಡಿಸ್ಕು ಮುಟ್ಟುವ ಮುಂಚೆ ಓಡುವ ಸಣ್ಣ ಪ್ರೋಗ್ರಾಮು. ಅದು ಯಂತ್ರದ ನಂಬರ್ ಓದಿ, ಪಟ್ಟಿಯಲ್ಲಿ ಆ ಯಂತ್ರದ ಸಾಲು ಹುಡುಕಿ, ಅಲ್ಲಿ ಬರೆದ ಡಿಸ್ಕು ನಿಜಕ್ಕೂ ಇದೆಯೇ, ಅಳತೆ ಹೊಂದುತ್ತದೆಯೇ, ಅದರ ಮೇಲೆ ಮೊದಲೇ ಫೈಲ್‌ಸಿಸ್ಟಮ್ ಇದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಪಾರ್ಟಿಷನ್ ಸಾಲುಗಳನ್ನು ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ಮುಖ್ಯ ಫೈಲು ಅದನ್ನು ‘ಇನ್‌ಕ್ಲೂಡ್’ ಮಾಡಿಕೊಳ್ಳುತ್ತದೆ. ಒಂದು ಹೊಂದದಿದ್ದರೂ ಪ್ರೋಗ್ರಾಮು ತಪ್ಪು ಸಂಕೇತ ಕೊಟ್ಟು ಮುಗಿಯುತ್ತದೆ, ‘ಎರರ್‌ಆನ್‌ಫೇಲ್’ ಎಂದು ಹಾಕಿದ್ದರೆ ಇನ್‌ಸ್ಟಾಲೇಷನ್ ಅಲ್ಲೇ ನಿಲ್ಲುತ್ತದೆ. ಹೀಗೆ ಮುನ್ನೂರು ಯಂತ್ರಕ್ಕೂ ಫೈಲು ಒಂದೇ, ಪಟ್ಟಿಯಲ್ಲಿ ಮುನ್ನೂರು ಸಾಲು. ಯಂತ್ರಗಳು ಬಂದಾಗ ಬಿಲ್ಲಿನ ಜೊತೆ ಸೀರಿಯಲ್ ನಂಬರುಗಳನ್ನು ಸ್ಟಾಕ್ ರಿಜಿಸ್ಟರಿಗೆ ಹೇಗೂ ಏರಿಸುತ್ತಾರೆ, ಅದಕ್ಕೆ ಡಿಸ್ಕಿನ ಕಾಲಂ ಒಂದು ಸೇರಿಸಿದರಾಯಿತು.

ಸರ್ವೇಯರ್: ನಿಲ್ಲುತ್ತದೆ ಅಂದೆ. ಹನೂರಿನಲ್ಲಿ ರಾತ್ರಿ ನಿಂತುಬಿಟ್ಟರೆ? ಬೆಳಗ್ಗೆ ಬಸ್ಸು ಹತ್ತಿ ಹೋಗುವವರು ಯಾರು? ತಾನಾಗಿ ಆಗಬೇಕಾದ ಕೆಲಸ ಅರ್ಧಕ್ಕೆ ನಿಲ್ಲೋದು ಸೋಲೇ ಅಲ್ಲವೇ?

ಎಂಜಿನಿಯರ್: ಎರಡು ಸೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಂತ ಯಂತ್ರದಲ್ಲಿ ಡಿಸ್ಕು ಹೇಗಿತ್ತೋ ಹಾಗೇ ಇರುತ್ತದೆ, ಹೋಗುವುದು ಒಂದು ದಿನ, ಒಂದು ಬಸ್ ಚಾರ್ಜು. ನಿಲ್ಲದೆ ತಪ್ಪು ಡಿಸ್ಕಿನ ಮೇಲೆ ಹೋದ ಯಂತ್ರ ಬೆಳಗ್ಗೆ ‘ಯಶಸ್ವಿ’ ಎಂದು ತೋರಿಸುತ್ತದೆ, ಏನು ಹೋಯಿತು ಎಂಬುದು ಯಾರೋ ಒಂದು ಕಡತ ಕೇಳಿಕೊಂಡು ಬರುವ ತನಕ ಗೊತ್ತೇ ಆಗುವುದಿಲ್ಲ. ಎರಡು ಡಿಸ್ಕುಗಳನ್ನು ಒಂದಕ್ಕೊಂದು ಕನ್ನಡಿಯಾಗಿಸುವ ರೇಡ್-1 ಇದೆಯಲ್ಲ, ಅದು ಕಾಪಾಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಒಂದು ಡಿಸ್ಕು ಸತ್ತರೆ ಕಾಪಾಡುತ್ತದೆ, ಅಳಿಸಿದರೆ ಎರಡರಲ್ಲೂ ಅಳಿಸುತ್ತದೆ. ಹಾಗಾಗಿ ನಿಲ್ಲುವುದನ್ನು ನಾನು ಫೈಲಿನ ಒಳ್ಳೇ ಗುಣ ಎಂದೇ ಎಣಿಸುತ್ತೇನೆ.

ಸರ್ವೇಯರ್: ಸರಿ, ಡಿಸ್ಕು ಗುರುತಾಯಿತು. ಇನ್ನು ಅದನ್ನು ಯಾಕೆ ತುಂಡು ಮಾಡಬೇಕು? ಪೂರ್ತಿ ಒಂದೇ ಬಯಲಾಗಿ ಬಿಟ್ಟರೆ ಯಾವುದಕ್ಕೆ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳುತ್ತದೆ. ಪೋಡಿ ಮಾಡಿದಷ್ಟೂ ಬದು ಹೆಚ್ಚುತ್ತದೆ, ಉಳುವ ನೆಲ ಕಡಿಮೆಯಾಗುತ್ತದೆ.

ಎಂಜಿನಿಯರ್: ಪಹಣಿಯಲ್ಲಿ ‘ಪೈಕಿ’ ಎಂದು ಬರುತ್ತದಲ್ಲ, ಹೆಸರಿದೆ, ವಿಸ್ತೀರ್ಣ ಇದೆ, ಬಾಂದು ಕಲ್ಲು ಇಲ್ಲ. ಒಂದೇ ರೂಟ್ ಪಾರ್ಟಿಷನ್ ಹಾಕಿದ ಸರ್ವರಿನಲ್ಲಿ ಸಿಸ್ಟಮ್, ಲಾಗು, ಕಡತ ಮೂರೂ ಪೈಕಿದಾರರು. ಲಾಗ್ ಬರೆಯುವ ಪ್ರೋಗ್ರಾಮು ಏನೋ ತಪ್ಪಿ ಸೆಕೆಂಡಿಗೆ ಸಾವಿರ ಸಾಲು ಬರೆಯತೊಡಗಿದರೆ ಮಿಕ್ಕ ಇಬ್ಬರ ಜಾಗವನ್ನೂ ನುಂಗುತ್ತದೆ. ರೂಟ್ ತುಂಬಿದ ಮೇಲೆ ಡೇಟಾಬೇಸ್ ಬರೆಯಲಾರದು, ಒಮ್ಮೊಮ್ಮೆ ಲಾಗಿನ್ನೇ ಆಗುವುದಿಲ್ಲ, ಒಳಹೋಗಿ ಸರಿಮಾಡೋಣ ಎಂದರೆ ಬಾಗಿಲೇ ಹಾಕಿರುತ್ತದೆ. ಸಿಸ್ಟಮ್‌ಡಿಯ ಜರ್ನಲ್ ತಾನೇ ಮಿತಿ ಹಾಕಿಕೊಳ್ಳುತ್ತದೆ, ನಿಜ. ತಮ್ಮ ಪಾಡಿಗೆ ತಾವು ಫೈಲಿಗೆ ಬರೆಯುವ ಪ್ರೋಗ್ರಾಮುಗಳಿಗೆ ಆ ಮಿತಿ ಇಲ್ಲ. ಆದರೆ ನಿಮ್ಮ ಬದುವಿನ ಮಾತೂ ಸರಿಯೇ ಸಾರ್. ಹತ್ತು ಹನ್ನೆರಡು ತುಂಡು ಮಾಡಿ, ಒಂದು ತುಂಬಿ ಏದುಸಿರು ಬಿಡುವಾಗ ಪಕ್ಕದ್ದು ಖಾಲಿ ಬಿದ್ದಿರುವ ಸರ್ವರುಗಳು ಬೇಕಾದಷ್ಟಿವೆ. ಹಳೇ ಪುಸ್ತಕಗಳಲ್ಲಿ ಹೇಳಿದ್ದಾರೆ ಎಂದು ಪ್ರತಿ ಫೋಲ್ಡರಿಗೂ ಗೋಡೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಯಾವುದು ಯಾರ ಹದ್ದುಬಸ್ತಿಗೂ ಸಿಗದೆ ಬೆಳೆಯುತ್ತದೋ ಅದಕ್ಕೆ ಗೋಡೆ, ಯಾವುದು ಸಿಸ್ಟಮ್ ಹೋದರೂ ಉಳಿಯಬೇಕೋ ಅದಕ್ಕೆ ಗೋಡೆ. ಅಂದರೆ ಲಾಗಿಗೊಂದು, ಕಡತಕ್ಕೊಂದು. ಬೂಟಿಗೆ ಬೇಕಾದದ್ದು ಹೇಗೂ ಇರುತ್ತದೆ.

ಸರ್ವೇಯರ್: ಬೂಟಿಗೆ ಅಂದರೆ?

ಎಂಜಿನಿಯರ್: ಹನೂರಿನ ಹೊಸ ಯಂತ್ರ ಯುಇಎಫ್‌ಐಯದು, ಅದಕ್ಕೆ ಫ್ಯಾಟ್ ಮಾದರಿಯ ಒಂದು ಸಣ್ಣ ಇಎಫ್‌ಐ ಪಾರ್ಟಿಷನ್ ಬೇಕೇ ಬೇಕು. ಯಳಂದೂರಿನ ಹಳೇ ಬಯೋಸ್ ಯಂತ್ರದ ಡಿಸ್ಕಿಗೆ ಜಿಪಿಟಿ ಪಟ್ಟಿ ಹಾಕಿದರೆ ಒಂದೇ ಒಂದು ಮೆಗಾಬೈಟಿನ ಬಯೋಸ್‌ಬೂಟ್ ತುಂಡು ಬೇಕು. ಹಳೇ ಎಂಬಿಆರ್ ಪಟ್ಟಿಯಾದರೆ ಅದು ಬೇಡ, ಆದರೆ ಸಾಮಾನ್ಯ 512 ಬೈಟ್ ಸೆಕ್ಟರಿನ ಡಿಸ್ಕಿನಲ್ಲಿ ಅದಕ್ಕೆ 2 ಟೆಬಿಬೈಟಿನಾಚೆ ಕಾಣುವುದೇ ಇಲ್ಲ. ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಬದಲು ‘ರೆಕ್‌ಪಾರ್ಟ್’ ಎಂದು ಬರೆದರೆ ಆಯಾ ಯಂತ್ರಕ್ಕೆ ಬೇಕಾದದ್ದನ್ನು ಕಿಕ್‌ಸ್ಟಾರ್ಟೇ ಹಾಕುತ್ತದೆ. ಇಂಥಲ್ಲಿ ಯಂತ್ರದ ಜಾಣತನವನ್ನು ನಂಬಬಹುದು, ಇದು ಏನನ್ನು ಅಳಿಸಬೇಕೆಂಬ ಪ್ರಶ್ನೆಯಲ್ಲವಲ್ಲ.

ಸರ್ವೇಯರ್: ಅಳತೆ ವಿಷಯದಲ್ಲಿ ನನಗೆ ಇನ್ನೊಂದು ಅನುಮಾನ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರಿನದು. ಆ ಕಡೆ ಎಕರೆಗೆ ನೂರು ಸೆಂಟು, ಈ ಕಡೆ ನಲವತ್ತು ಗುಂಟೆ. ಎಕರೆ ಒಂದೇ, ಬಿಂದುವಿನ ಆಚೆ ಬರೆದ 20 ಮಾತ್ರ ಒಂದು ಕಡೆ ಅರ್ಧ ಎಕರೆ, ಇನ್ನೊಂದು ಕಡೆ ಐದನೇ ಒಂದು ಭಾಗ. ನಿನ್ನ ಡಿಸ್ಕಿನಲ್ಲೂ ಇಂಥ ಗೋಳಿದೆಯಾ?

ಎಂಜಿನಿಯರ್: ಅದೇ ಗೋಳು. ತಯಾರಕರು ಸಾವಿರದ ಲೆಕ್ಕದಲ್ಲಿ 1 ಟೆರಾಬೈಟ್ ಎಂದು ಮುದ್ರಿಸುತ್ತಾರೆ, 1024ರ ಲೆಕ್ಕದಲ್ಲಿ ಅದು 931 ಗಿಬಿಬೈಟ್. ಕಿಕ್‌ಸ್ಟಾರ್ಟಿನ ‘ಸೈಜ್’ ತೆಗೆದುಕೊಳ್ಳುವುದು 1024ರ ಲೆಕ್ಕದ ಮೆಬಿಬೈಟು. ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬಿ ತುಂಡುಗಳನ್ನು ಸಾವಿರಕ್ಕೆ ಕೂಡಿಸಿದರೆ ಜಾಗ ಸಾಲದೆ ಇನ್‌ಸ್ಟಾಲ್ ನಿಲ್ಲುತ್ತದೆ. ಅದಕ್ಕೆ ಬೇಸತ್ತವರು ‘ಗ್ರೋ’ ಎಂಬ ಪದ ಹಿಡಿಯುತ್ತಾರೆ, ಉಳಿದದ್ದನ್ನೆಲ್ಲ ಈ ತುಂಡಿಗೇ ಕೊಟ್ಟುಬಿಡು ಎಂದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಎಲ್‌ವಿಎಂ ಎಂಬ ವ್ಯವಸ್ಥೆಯಲ್ಲಿ ಡಿಸ್ಕಿನ ಜಾಗವನ್ನೆಲ್ಲ ಒಂದು ಗುಂಪಿಗೆ ಹಾಕಿ, ಗುಂಪಿನಿಂದ ಬೇಕಾದಷ್ಟು ಹಂಚಬಹುದು. ಗುಂಪಿಗೆ ಸೇರಿಸುವಾಗ ಗ್ರೋ ಇರಲಿ. ಹಂಚುವಾಗ ಬೇಡ, ಒಂದಿಷ್ಟು ಯಾರಿಗೂ ಕೊಡದೆ ಉಳಿಸಬೇಕು.

ಸರ್ವೇಯರ್: ಎಲ್‌ವಿಎಂ ಇದ್ದರೆ ಬೇಕಾದಾಗ ಹಿಗ್ಗಿಸಬಹುದು ಕುಗ್ಗಿಸಬಹುದು ಅನ್ನುತ್ತಾರೆ. ಹಾಗಾದರೆ ಈಗ ಇಷ್ಟು ತಲೆ ಕೆಡಿಸಿಕೊಳ್ಳೋದು ಏತಕ್ಕೆ? ಮೊದಲು ಹಾಕು, ಆಮೇಲೆ ನೋಡಿಕೊಂಡರಾಯಿತು.

ಎಂಜಿನಿಯರ್: ಹಿಗ್ಗಿಸುವುದು ಸುಲಭ, ಸರ್ವರ್ ಓಡುತ್ತಿರುವಾಗಲೇ ಆಗುತ್ತದೆ. ಕುಗ್ಗಿಸುವುದು ಹಾಗಲ್ಲ. 2014ರಲ್ಲಿ ಬಂದ ರೆಡ್ ಹ್ಯಾಟ್ 7ರಿಂದ ಈಚೆಗೆ ಆ ವಂಶದ ಸರ್ವರುಗಳಲ್ಲಿ ನಾವು ಬೇರೆ ಹೇಳದಿದ್ದರೆ ಎಕ್ಸ್‌ಎಫ್‌ಎಸ್ ಬರುತ್ತದೆ. ದೊಡ್ಡ ಫೈಲುಗಳಿಗೆ ಗಟ್ಟಿ ಫೈಲ್‌ಸಿಸ್ಟಮ್, ಆದರೆ ಒಮ್ಮೆ ಕೊಟ್ಟ ಜಾಗವನ್ನು ಹಿಂದಕ್ಕೆ ಬಿಡುವುದಿಲ್ಲ. ಇಎಕ್ಸ್‌ಟಿ4 ಬಿಡುತ್ತದೆ, ಅದಕ್ಕೆ ಸರ್ವರಿನ ಆ ಭಾಗವನ್ನು ನಿಲ್ಲಿಸಬೇಕು. ಕಚೇರಿ ತೆರೆದಿರುವಾಗ ಅದಾಗದು. ಹೆಚ್ಚು ಕೊಟ್ಟದ್ದನ್ನು ಹಿಂಪಡೆಯುವುದು ಕಷ್ಟ, ಕಡಿಮೆ ಕೊಟ್ಟದ್ದನ್ನು ಹೆಚ್ಚಿಸುವುದು ಸುಲಭ ಎಂದಾದಾಗ ಕಡಿಮೆಯಿಂದ ಶುರು ಮಾಡುವುದೇ ಲೆಕ್ಕ. ಉಬುಂಟು ಈ ಮಟ್ಟಿಗೆ ಸರಿ ಮಾಡುತ್ತದೆ. ಅದರ ಎಲ್‌ವಿಎಂ ವಿನ್ಯಾಸದಲ್ಲಿ 200 ಗಿಬಿಬೈಟಿಗಿಂತ ಹೆಚ್ಚು ಜಾಗವಿದ್ದರೆ ರೂಟಿಗೆ ಕೊಡುವುದು 100 ಮಾತ್ರ, ಮಿಕ್ಕದ್ದು ಗುಂಪಿನಲ್ಲೇ ಖಾಲಿ ಇರುತ್ತದೆ. ಇದು ಗೊತ್ತಿಲ್ಲದವರು ‘ಡಿಸ್ಕು ಎಲ್ಲಿ ಹೋಯಿತು’ ಎಂದು ಗಾಬರಿಯಾಗುತ್ತಾರೆ. ಹಾಗೇ, ಇಎಕ್ಸ್‌ಟಿ4 ಹಾಕಿದರೆ ಅದು ಶೇಕಡಾ 5ರಷ್ಟನ್ನು ರೂಟ್ ಬಳಕೆದಾರನಿಗೆಂದು ಎತ್ತಿಡುತ್ತದೆ. ನಾಲ್ಕು ಟೆರಾಬೈಟಿನ ಕಡತದ ಡಿಸ್ಕಿನಲ್ಲಿ ಅದು ಸುಮಾರು 200 ಗಿಗಾಬೈಟ್ ಆಯಿತು, ಅಲ್ಲಿ ಅದರ ಅಗತ್ಯವಿಲ್ಲ.

ಸರ್ವೇಯರ್: ಇಷ್ಟೆಲ್ಲ ಒಮ್ಮೆ ಸರಿಯಾಗಿ ಬರೆದರೆ, ನಾಳೆ ಸಿಸ್ಟಮ್ ಕೆಟ್ಟಾಗ ಅದೇ ಫೈಲು ಓಡಿಸಿದರೆ ಮೊದಲಿನ ಹಾಗೇ ಎದ್ದು ನಿಲ್ಲುತ್ತದೆ. ಇದೇ ಇದರ ದೊಡ್ಡ ಲಾಭ ಅಲ್ಲವೇ?

ಎಂಜಿನಿಯರ್: ಇಲ್ಲೇ ಬಹಳ ಮಂದಿ ಎಡವುವುದು. ಮೊದಲ ದಿನದ ಫೈಲು ಖಾಲಿ ಡಿಸ್ಕಿಗೆ ಬರೆದದ್ದು, ಅದರಲ್ಲಿ ಅಳಿಸು, ಹೊಸ ಪಟ್ಟಿ ಹಾಕು, ಫಾರ್ಮ್ಯಾಟ್ ಮಾಡು ಎಂದಿರುತ್ತದೆ. ಎರಡನೇ ಸಲ ಓಡಿಸುವಾಗ ಅದೇ ಡಿಸ್ಕಿನಲ್ಲಿ ಎರಡು ವರ್ಷದ ಕಡತ ಕೂತಿರುತ್ತದೆ. ಎರಡನೇ ಸಲಕ್ಕೆ ಬೇರೆ ಫೈಲೇ ಬೇಕು. ಅಲ್ಲಿ ರೂಟ್ ಮಾತ್ರ ಹೊಸದಾಗಿ ಫಾರ್ಮ್ಯಾಟ್ ಆಗುತ್ತದೆ, ಕಡತದ ತುಂಡಿಗೆ ‘ಯೂಸ್‌ಎಕ್ಸಿಸ್ಟಿಂಗ್’, ‘ನೋಫಾರ್ಮ್ಯಾಟ್’ ಎಂದಿರುತ್ತದೆ. ಉಬುಂಟುವಿನಲ್ಲಾದರೆ ‘ಪ್ರಿಸರ್ವ್ ಟ್ರೂ’. ಕಡತವನ್ನು ಬೇರೆ ತುಂಡಿನಲ್ಲಿಟ್ಟದ್ದರ ಪೂರ್ತಿ ಫಲ ಸಿಗುವುದು ಈ ದಿನ, ಅದನ್ನು ಕಳೆದುಕೊಳ್ಳುವುದೂ ಈ ದಿನವೇ. ಇದಕ್ಕಿಂತ ಕೆಟ್ಟದ್ದೂ ಇದೆ. ನೆಟ್‌ವರ್ಕಿನಿಂದ, ಅಂದರೆ ಪಿಎಕ್ಸ್‌ಇ ಮೂಲಕ, ಇನ್‌ಸ್ಟಾಲ್ ಮಾಡುವಾಗ ಯಂತ್ರದ ಬೂಟ್ ಕ್ರಮದಲ್ಲಿ ನೆಟ್‌ವರ್ಕನ್ನು ಮೊದಲು ಇಟ್ಟಿರುತ್ತಾರೆ. ಇನ್‌ಸ್ಟಾಲ್ ಮುಗಿದ ಮೇಲೂ ಅದು ಹಾಗೇ ಇದ್ದು, ಆ ಕಡೆಯ ಸರ್ವರ್ ಅದೇ ಫೈಲನ್ನು ಕೊಡುತ್ತಲೇ ಇದ್ದರೆ, ಕರೆಂಟ್ ಹೋಗಿ ಬಂದ ಪ್ರತಿ ಸಲವೂ ಯಂತ್ರ ತನ್ನನ್ನು ತಾನೇ ಅಳಿಸಿಕೊಂಡು ಮೊದಲಿಂದ ಇನ್‌ಸ್ಟಾಲ್ ಆಗುತ್ತದೆ. ಹಳ್ಳಿ ಕಡೆಯ ಕರೆಂಟಿಗೆ ಇದನ್ನು ಬಿಟ್ಟುಕೊಡುವ ಹಾಗಿಲ್ಲ. ಕಾಬ್ಲರ್ ಎಂಬ ತಂತ್ರಾಂಶದಲ್ಲಿ ‘ಪಿಎಕ್ಸ್‌ಇ ಜಸ್ಟ್ ಒನ್ಸ್’ ಎಂಬ ಆಯ್ಕೆ ಇರುವುದು ಇದಕ್ಕೇ, ಒಂದು ಸಲ ಇನ್‌ಸ್ಟಾಲ್ ಆದ ಯಂತ್ರಕ್ಕೆ ಮತ್ತೆ ಆ ಫೈಲು ಸಿಗುವುದಿಲ್ಲ.

ಸರ್ವೇಯರ್: ನಿನ್ನ ವಾದದ ಬುಡಕ್ಕೇ ಒಂದು ಪ್ರಶ್ನೆ ಹಾಕುತ್ತೇನೆ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದಾಗ ಆಗಿನ 177 ತಾಲ್ಲೂಕಿನಲ್ಲೂ ಸರ್ವರ್ ಇಟ್ಟರು. ಕೊಳ್ಳೇಗಾಲದಲ್ಲಿ ಒಂದು, ಯಳಂದೂರಿನಲ್ಲಿ ಒಂದು. ಹನೂರು ಆಗಿನ್ನೂ ಕೊಳ್ಳೇಗಾಲದೊಳಗೇ ಇತ್ತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರದ್ದು, ಹೀಗೆ ತಾಲ್ಲೂಕು ತಾಲ್ಲೂಕಿನ ಡಿಸ್ಕುಗಳಲ್ಲಿತ್ತು. ಆಮೇಲೆ ಅದನ್ನೆಲ್ಲ ಬೆಂಗಳೂರಿನ ಸ್ಟೇಟ್ ಡೇಟಾ ಸೆಂಟರಿಗೆ ಒಯ್ದರು. ಈಗ ತಾಲ್ಲೂಕಿನಲ್ಲಿ ಸರ್ವರೇ ಬೇಡ ಅನ್ನೋ ಕಾಲ. ಡಿಸ್ಕಿನ ಚಿಂತೆ ಅವರಿಗಿರಲಿ.

ಎಂಜಿನಿಯರ್: ಒಯ್ದದ್ದು ಒಳ್ಳೆಯದೇ ಆಯಿತು, 177 ಕಡೆ ಬ್ಯಾಕಪ್ ನೋಡಿಕೊಳ್ಳುವುದಕ್ಕಿಂತ ಒಂದು ಕಡೆ ನೋಡಿಕೊಳ್ಳುವುದು ಮೇಲು. ಆದರೆ ಪ್ರಶ್ನೆ ತೀರಲಿಲ್ಲ, ಊರು ಬದಲಾಯಿಸಿತು. ಕೈಯಲ್ಲಿ ಒಂದೊಂದೇ ಇನ್‌ಸ್ಟಾಲ್ ಮಾಡುತ್ತಿದ್ದ ಕಾಲದಲ್ಲಿ ಒಂದು ತಾಲ್ಲೂಕಿನವರು ತಪ್ಪಿದರೆ ಆ ತಾಲ್ಲೂಕಿನ ಪಹಣಿಗೆ ತೊಂದರೆ, ಪಕ್ಕದ್ದಕ್ಕಿಲ್ಲ. ಡೇಟಾ ಸೆಂಟರುಗಳಲ್ಲಿ ಯಂತ್ರಗಳನ್ನು ಗುಂಪುಗುಂಪಾಗಿ ಇಂಥ ಫೈಲುಗಳಿಂದಲೇ ಎಬ್ಬಿಸುವುದು ರೂಢಿ, ಅವುಗಳಿಗೆ ಫೈಬರ್ ಕೇಬಲಿನಲ್ಲಿ ಹೊರಗಿನ ಸ್ಟೋರೇಜೂ ಅಂಟಿರುತ್ತದೆ, ಅದೂ ಇನ್‌ಸ್ಟಾಲರಿನ ಕಣ್ಣಿಗೆ ಮಾಮೂಲಿ ಡಿಸ್ಕಿನ ಹಾಗೇ ಕಾಣುತ್ತದೆ. ಒಂದು ಸಾಲು ಸಡಿಲವಾದರೆ ಎಷ್ಟು ಯಂತ್ರಗಳು ಆ ಫೈಲು ಓದುತ್ತವೋ ಅಷ್ಟು ಕಡೆ ತಪ್ಪು. ವರ್ಚುವಲ್ ಯಂತ್ರಗಳಲ್ಲಿ ಅಳಿಸುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಡುವ ಅನುಕೂಲ ಇದೆ, ಅಷ್ಟರ ಮಟ್ಟಿಗೆ ಭಯ ಕಡಿಮೆ ಎಂದು ಒಪ್ಪುತ್ತೇನೆ. ಮತ್ತೆ, ತಾಲ್ಲೂಕಿನಲ್ಲಿ ಡಿಸ್ಕು ಪೂರ್ತಿ ಹೋಗಿಲ್ಲ ಸಾರ್. ಭೂ ಸುರಕ್ಷಾ ಎಂದು ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಪುಟಪುಟವೂ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಇಂಥ ಕೆಲಸದಲ್ಲಿ ಚಿತ್ರ ಮೇಲಕ್ಕೆ ಹೋಗುವ ಮುಂಚೆ ಸ್ವಲ್ಪ ಹೊತ್ತಾದರೂ ಯಾವುದೋ ಒಂದು ಡಿಸ್ಕಿನ ಮೇಲೆ ಇರಲೇಬೇಕು.

ಸರ್ವೇಯರ್: ಹಾಗಾದರೆ ಇದನ್ನು ಓಡಿಸುವ ಮುಂಚೆ ಪರೀಕ್ಷೆ ಹೇಗೆ? ನಿಜವಾದ ಯಂತ್ರದ ಮೇಲೆ ಪ್ರಯೋಗ ಮಾಡುವಂತಿಲ್ಲ.

ಎಂಜಿನಿಯರ್: ವರ್ಚುವಲ್ ಯಂತ್ರದಲ್ಲಿ ಮಾಡಬೇಕು, ಬರೀ ಖಾಲಿ ಡಿಸ್ಕಿನ ಮೇಲೆ ಅಲ್ಲ. ಖಾಲಿ ಡಿಸ್ಕಿನ ಮೇಲೆ ಎಲ್ಲ ಫೈಲುಗಳೂ ಪಾಸಾಗುತ್ತವೆ. ಡಿಸ್ಕುಗಳ ಸರದಿ ಅದಲುಬದಲು ಮಾಡಿ ಓಡಿಸಬೇಕು, ಒಂದು ಹೆಚ್ಚುವರಿ ಯುಎಸ್‌ಬಿ ಚುಚ್ಚಿ ಓಡಿಸಬೇಕು, ಹಳೇ ರೇಡಿನ ಗುರುತು ಉಳಿದಿರುವ ಡಿಸ್ಕು ಕೊಟ್ಟು ನೋಡಬೇಕು, ಕಡತದ ಡಿಸ್ಕಿನಲ್ಲಿ ನಿಜವಾಗಿ ಒಂದಿಷ್ಟು ಫೈಲು ಇಟ್ಟು ಓಡಿಸಿ, ಮುಗಿದ ಮೇಲೆ ಅವು ಹಾಗೇ ಇವೆಯೇ ಎಂದು ಚೆಕ್‌ಸಮ್ ತಾಳೆ ನೋಡಬೇಕು. ನಿಲ್ಲಬೇಕಾದ ಕಡೆ ನಿಂತಿತೇ ಎಂಬುದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಸರ್ವೇಯರ್: ಕೊನೆಯದೊಂದು. ಡಿಸ್ಕು ಸತ್ತು ಹೊಸದು ಹಾಕಿದರು ಅನ್ನು. ಸೀರಿಯಲ್ ನಂಬರ್ ಬೇರೆ. ನಿನ್ನ ಪಟ್ಟಿಯಲ್ಲಿ ಹಳೇದೇ ಇದೆ.

ಎಂಜಿನಿಯರ್: ಮುಂದಿನ ಸಲ ಫೈಲು ನಿಲ್ಲುತ್ತದೆ. ಪಟ್ಟಿ ತಿದ್ದುವ ತನಕ ಮುಂದೆ ಹೋಗುವುದಿಲ್ಲ.

ಸರ್ವೇಯರ್: ತಿದ್ದೋದು ಯಾರು? ಡಿಸ್ಕು ಬದಲಾಯಿಸಿದ ಹುಡುಗನೇ ತಿದ್ದಿದರೆ ಅದು ಮ್ಯುಟೇಷನ್ ಅಲ್ಲ. ನಮ್ಮಲ್ಲಿ ನೋಟಿಸ್ ಹೊರಡಿಸಿ, ತಕರಾರಿಗೆ ದಿನ ಕೊಟ್ಟು, ಆಮೇಲೆ ಬೇರೆಯವರು ಸಹಿ ಹಾಕುತ್ತಾರೆ.

ಎಂಜಿನಿಯರ್: ಪಟ್ಟಿಯನ್ನು, ಯಾರು ಏನು ತಿದ್ದಿದರು ಎಂಬ ದಾಖಲೆ ಇಡುವ ಗಿಟ್‌ನಲ್ಲಿಟ್ಟು, ತಿದ್ದಿದವರು ಒಬ್ಬರು, ನೋಡಿ ಒಪ್ಪಿದವರು ಇನ್ನೊಬ್ಬರು ಎಂದು ಮಾಡಬಹುದು. ತಕರಾರಿಗೆ ದಿನ ಕೊಡುವ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ. ಕಡತದ ಡಿಸ್ಕಿನ ಸಾಲು ಬದಲಾದರೆ ಒಂದು ರಾತ್ರಿ ಕಳೆದ ಮೇಲಷ್ಟೇ ಜಾರಿ ಎಂದು ಹಾಕಬಹುದು, ಅಷ್ಟರಲ್ಲಿ ಬ್ಯಾಕಪ್ ಒಂದು ಸುತ್ತು ಮುಗಿದಿರುತ್ತದೆ.

ಸರ್ವೇಯರ್: ರೂಟಿನ ಡಿಸ್ಕಿಗೆ?

ಎಂಜಿನಿಯರ್: ಅದಕ್ಕೆ ಬೇಡ. ಅದರಲ್ಲಿ ಇರುವುದನ್ನೆಲ್ಲ ಫೈಲೇ ಮತ್ತೆ ತಂದು ಹಾಕುತ್ತದೆ.